ಖಾಲಿ ಗಾಡಿ ಎಲ್ಲಿ ನಿಲ್ಲಬೇಕು?

ಆಪರೇಷನ್ಸ್ ರಿಸರ್ಚ್ ಕ್ಲಾಸಲ್ಲಿ ಆಂಬುಲೆನ್ಸ್ ಲೆಕ್ಕ ಬಂದಾಗ ಎಲ್ಲರೂ ಬೆಂಗಳೂರಿನ ಟ್ರಾಫಿಕ್ ಬಗ್ಗೆ ಮಾತಾಡಿದ್ರು. ನನ್ನ ತಲೆಯಲ್ಲಿ ಓಡಿದ್ದು ಕುಂದಾಪುರ, ಬೈಂದೂರು, ಮತ್ತೆ ಕೊಲ್ಲೂರು ದಾರಿಯ ನಮ್ಮ ಜಡ್ಕಲ್.

ನಮ್ಮಲ್ಲಿ ಪಡುವಣಕ್ಕೆ ಕಡಲು, ಮೂಡಣಕ್ಕೆ ಘಟ್ಟ, ನಡುವೆ ಹೈವೇ 66. ಜೋರು ಕೇಸ್ ಅಂದ್ರೆ ಮಣಿಪಾಲ. ಬೈಂದೂರಿನಿಂದ ಸುಮಾರು 70 ಕಿ.ಮೀ. ಹೋಗಿ, ರೋಗಿಯನ್ನು ಇಳಿಸಿ ವಾಪಸ್ ಬರಲು ಮೂರು ಗಂಟೆಯಾದರೂ ಬೇಕು. ಮುಂದಿನ ಕರೆ ಯಾವಾಗ, ಎಲ್ಲಿಂದ ಅಂತ ಯಾರಿಗೂ ಗೊತ್ತಿಲ್ಲ. ಆದ್ರೆ ಗಾಡಿಗಳು ತೆಂಕಣಕ್ಕೆ ಹೋಗ್ತಾ ಬಡಗು ಖಾಲಿಯಾಗುತ್ತೆ ಅನ್ನೋದು ಗೊತ್ತು.

ಒಂದು ಗಾಡಿ ಶೇ. 40ರಷ್ಟು ಹೊತ್ತು ಕೆಲಸದಲ್ಲಿರುತ್ತೆ ಅಂತ ಇಟ್ಟುಕೊಳ್ಳಿ. ಅದೊಂದನ್ನೇ ನಂಬಿದ ಊರಿಗೆ 100 ಕರೆಯಲ್ಲಿ 40ಕ್ಕೆ ಗಾಡಿ ಇಲ್ಲ. ಎರಡು ಗಾಡಿ ತಲುಪುವ ಊರಾದರೆ 0.4 × 0.4, ಅಂದ್ರೆ 16ಕ್ಕೆ ಮಾತ್ರ ಇಲ್ಲ. ಡಾಸ್ಕಿನ್ 1983ರಲ್ಲಿ ಕೊಟ್ಟ ಮಾದರಿಯ ತಿರುಳು ಇದೇ. ಹೈವೇಯಲ್ಲಿ ದೊಡ್ಡ ಅಪಘಾತವಾದರೆ ಎರಡೂ ಒಟ್ಟಿಗೇ ಓಡುತ್ತವೆ. ಆಗ ಈ ಗುಣಾಕಾರ ಕೈಕೊಡುತ್ತೆ.

ಹಾಗಾಗಿ ಬೈಂದೂರಿನ ಗಾಡಿ ಮಣಿಪಾಲಕ್ಕೆ ಹೊರಟ ಕೂಡಲೇ ಕುಂದಾಪುರದ್ದು ನಾವುಂದಕ್ಕೆ ಬಂದು ನಿಲ್ಲಬೇಕು: ಎರಡೂ ಪೇಟೆಗೆ ನಡು. ಇದಕ್ಕೇ ಮರುನಿಯೋಜನೆ ಅನ್ನೋದು. ನವರಾತ್ರಿಗೆ ಕೊಲ್ಲೂರಲ್ಲಿ ಜನ, ರಜೆ ಬಂದ್ರೆ ಮರವಂತೆ ಕಡಲತೀರದಲ್ಲಿ ಜನ. ನಿಲ್ಲುವ ಜಾಗವೂ ಬದಲಾಗಬೇಕು.

ಇಷ್ಟೆಲ್ಲಾ ಸರಿ. ಆದ್ರೆ 'ಅತಿ ಹೆಚ್ಚು ಜನರನ್ನು ತಲುಪು' ಅಂತ ಪ್ರೋಗ್ರಾಮಿಗೆ ಹೇಳಿದರೆ ಅದು ಗಾಡಿಯನ್ನು ಹೈವೇ ಬಿಟ್ಟು ಕದಲಿಸೋದೇ ಇಲ್ಲ. ಜನ ಇರೋದು ಅಲ್ಲೇ. ಹೋದ ಮಳೆಗಾಲ ರಾತ್ರಿ ಅಮ್ಮಮ್ಮನಿಗೆ ಉಸಿರು ಕಟ್ಟಿದಾಗ ಫೋನ್ ಇಟ್ಟ ಮಾಮ ಹೇಳಿದ್ದು ಇಷ್ಟೇ: "ಗಾಡಿ ಮಣಿಪಾಲಕ್ಕ್ ಹೋಯಿತಂಬ್ರ್. ಜೀಪ್ ತೆಗಿ ಮಾರಾಯ." 2008ರಲ್ಲಿ ರಾಜ್ಯಕ್ಕೆ 108 ಬರುವ ಮೊದಲೂ ನಮಗೆ ಜೀಪೇ ಗತಿ. ಅಮ್ಮಮ್ಮ ಉಳಿದರು. ಶೇ. 90 ಕವರೇಜ್ ಅಂತ ಸ್ಲೈಡಲ್ಲಿ ಬಂದಾಗೆಲ್ಲ ಆ ಉಳಿದ 10ರಲ್ಲಿ ನಮ್ಮ ಮನೆ ಕಾಣುತ್ತೆ.

ಅದಕ್ಕೇ ನನ್ನ ಮಿನಿ ಪ್ರಾಜೆಕ್ಟಲ್ಲಿ ಒಂದು ಷರತ್ತು ಸೇರಿಸಿದ್ದೇನೆ: ರಾತ್ರಿ ಹೊತ್ತು ಒಂದು ಗಾಡಿ ಘಟ್ಟದ ಬದಿಯಲ್ಲೇ ಇರಬೇಕು. ಒಟ್ಟು ಕವರೇಜ್ ಸ್ವಲ್ಪ ಇಳಿಯಿತು. "ಆಪ್ಟಿಮಲ್ ಅಲ್ವಲ್ಲ?" ಅಂದ ಗೆಳೆಯ. ಯಾರಿಗೆ ಆಪ್ಟಿಮಲ್ ಅಂತ ಕೋಡ್ ಬರೆಯುವ ಮೊದಲೇ ಕೇಳಿಕೊಳ್ಳಿ. ಆ ಪ್ರಶ್ನೆಯನ್ನು ಸಾಲ್ವರ್ ಕೇಳೋದಿಲ್ಲ.