ಬೊಮ್ಮನಹಳ್ಳಿಯಲ್ಲಿ ಒಂದು ಅಗ್ಗಿಷ್ಟಿಕೆ

ಬೆಂಗಳೂರಿನಲ್ಲಿ ಇದುವರೆಗೆ ದಾಖಲಾಗಿರುವ ಅತ್ಯಂತ ಕಡಿಮೆ ಉಷ್ಣತೆ 7.8 ಡಿಗ್ರಿ ಸೆಲ್ಸಿಯಸ್; ಅದೂ 1884ರ ಜನವರಿ 13ರಂದು. ಇಂತಹ ಊರಿನಲ್ಲಿ ವಾಹನಕ್ಕೆ ಅಗ್ಗಿಷ್ಟಿಕೆ ಕೂಡಿಸಲು ಹೊರಟವನನ್ನು ಕಂಡು ನೆರೆಹೊರೆಯವರು ನಕ್ಕರೆ ತಪ್ಪೇನು? ನನ್ನ ಭಾವಮೈದುನನ ವಿಷಯದಲ್ಲಿ ಆದದ್ದೂ ಅದೇ. ಹೆಂಡತಿ, ಇಬ್ಬರು ಮಕ್ಕಳೊಡನೆ ತನ್ನ ಹಳೆಯ ಡೀಸೆಲ್ ವ್ಯಾನಿನಲ್ಲಿ ಲೇಹ್‌ಗೆ ಹೋಗಬೇಕು, ರಾತ್ರಿ ಅದರಲ್ಲಿಯೇ ಮಲಗಬೇಕು ಎಂಬುದು ಅವನ ಬಹುದಿನದ ಹಂಬಲ. ಅದಕ್ಕಾಗಿ ಗುಜರಿಯಲ್ಲಿ ಡೀಸೆಲ್ ಹೀಟರೊಂದನ್ನು ಕೊಂಡಿದ್ದ. ಜೋಡಿಸಬಲ್ಲ ಮೇಸ್ತ್ರಿಯೊಬ್ಬರು ಬೊಮ್ಮನಹಳ್ಳಿಯಲ್ಲಿರುವರೆಂದು ತಿಳಿದು, ಒಂದು ಭಾನುವಾರ ನನ್ನನ್ನೂ ಎಳೆದುಕೊಂಡು ಹೊರಟ.

ರೇಷ್ಮೆ ಮಂಡಳಿಯ ಕೂಡುರಸ್ತೆಯನ್ನು ದಾಟಿದರೆ ಹೊಸೂರು ರಸ್ತೆಯ ಮೇಲೆ ಸಿಗುವುದೇ ಬೊಮ್ಮನಹಳ್ಳಿ. ಹೆಸರಿನಲ್ಲಿ ಮಾತ್ರ ಹಳ್ಳಿ. ಸ್ವತಂತ್ರ ನಗರಸಭೆಯಾಗಿದ್ದುದು 2007ರಲ್ಲಿ ಮಹಾನಗರಪಾಲಿಕೆಯೊಳಗೆ ಲೀನವಾಯಿತು. 2010ರಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಸುಮಾರು 10 ಕಿಲೋಮೀಟರಿನ ಮೇಲುರಸ್ತೆ ಬಂತು. 2025ರ ಆಗಸ್ಟಿನಿಂದ ಮೆಟ್ರೋ ರೈಲೂ ಓಡುತ್ತಿದೆ. ಅವಸರದವರೆಲ್ಲ ಊರಿನ ನೆತ್ತಿಯ ಮೇಲೆಯೇ ಹಾದುಹೋಗುತ್ತಾರೆ. ವಾಹನ ಕೆಟ್ಟವರು ಕೆಳಗಿಳಿಯುತ್ತಾರೆ. ಇನ್ನೊಂದು ಸ್ವಾರಸ್ಯ: ಈ ರಸ್ತೆ ಶ್ರೀನಗರದಲ್ಲಿ ಹುಟ್ಟಿ ಕನ್ಯಾಕುಮಾರಿಯಲ್ಲಿ ಮುಗಿಯುವ 44ನೆಯ ರಾಷ್ಟ್ರೀಯ ಹೆದ್ದಾರಿ. ಇಲ್ಲಿ ವ್ಯಾನಿನ ಮುಖವನ್ನು ಉತ್ತರಕ್ಕೆ ತಿರುಗಿಸಿದರೆ ಕಾಶ್ಮೀರದವರೆಗೂ ಹೆದ್ದಾರಿಯ ಸಂಖ್ಯೆ ಒಂದೇ. ಭಾವಮೈದುನನ ತಲೆ ಕೆಡಿಸಿದ್ದು ಈ ಸಂಖ್ಯೆಯೇ ಇರಬೇಕು.

ಬೇಗೂರು ರಸ್ತೆಯ ಪಕ್ಕದ ಓಣಿಯೊಂದರಲ್ಲಿ ತಗಡಿನ ಸೂರು, ಅದರಡಿ ಮೇಸ್ತ್ರಿಯವರು. ಹೀಟರನ್ನು ಎಳೆಗೂಸಿನಂತೆ ತೊಡೆಯ ಮೇಲಿರಿಸಿಕೊಂಡು ಅದರ ಗುಟ್ಟನ್ನು ನಮಗೆ ಬಿಡಿಸಿ ಹೇಳಿದರು. ಇಂಜಿನ್ ನಿಂತ ಮೇಲೂ ಕೆಲಸ ಮಾಡುವುದೇ ಇದರ ಹೆಚ್ಚುಗಾರಿಕೆ. ವಾಹನದ ಟ್ಯಾಂಕಿನಿಂದಲೇ ಸಣ್ಣ ಪಂಪೊಂದು ಟಿಕ್ ಟಿಕ್ ಎನ್ನುತ್ತ ಹನಿಹನಿಯಾಗಿ ಡೀಸೆಲ್ ಒದಗಿಸುತ್ತದೆ. ಬ್ಯಾಟರಿಯಿಂದ ಕೆಂಪಗೆ ಕಾಯುವ ಪ್ಲಗ್ಗು ಅದನ್ನು ಹೊತ್ತಿಸುತ್ತದೆ. ಉರಿಗೆ ಬೇಕಾದ ಗಾಳಿ ಹೊರಗಿನಿಂದ ಬಂದು, ಹೊಗೆಯಾಗಿ ಹೊರಕ್ಕೇ ಹೋಗುತ್ತದೆ. ಕಾದ ಲೋಹದ ಮೈಯನ್ನು ಸವರಿ ಒಳಬರುವ ಗಾಳಿಯೇ ಬೇರೆ. ಈ ಎರಡು ಗಾಳಿಗಳು ಎಂದೆಂದಿಗೂ ಕೂಡಬಾರದು. ಗಂಟೆಗೆ ಕಾಲು ಲೀಟರಿನ ಆಸುಪಾಸು ಡೀಸೆಲ್ ಸಾಕು. ಆರಿಸಿದೊಡನೆ ವಿದ್ಯುತ್ತನ್ನು ಕಡಿಯಬಾರದು. ಮೈ ತಣಿಯುವವರೆಗೆ ಫ್ಯಾನು ತಿರುಗಬೇಕು.

ಚಳಿನಾಡುಗಳಲ್ಲಿ ಇದೇನೂ ಹೊಸದಲ್ಲ. ಇಂತಹವನ್ನು ತಯಾರಿಸುವ ಜರ್ಮನಿಯ ಎಬರ್‌ಸ್ಪೇಖರ್ ಸಂಸ್ಥೆ 1865ರಲ್ಲಿ, ವೆಬಾಸ್ಟೋ 1901ರಲ್ಲಿ ಹುಟ್ಟಿದವು. ನಮ್ಮದರ ಹೆಸರಿನ ಬಿಲ್ಲೆ ಉದುರಿಹೋಗಿತ್ತು. ಅದು ಎಷ್ಟು ಎತ್ತರದವರೆಗೆ ಉರಿಯಬಲ್ಲದು ಎಂದು ತಿಳಿಯುವ ಉಪಾಯವಿರಲಿಲ್ಲ. ಲೇಹ್ ಸುಮಾರು 3,500 ಮೀಟರ್ ಎತ್ತರದ ಊರು. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲು ಮಾತ್ರ. ಹೀಟರು ಅದಕ್ಕೆ ಹೊಂದಿಕೊಳ್ಳದಿದ್ದರೆ ಡೀಸೆಲ್ ಅರೆಬೆಂದು ಒಳಗೆಲ್ಲ ಮಸಿ ಕಟ್ಟುತ್ತದೆ.

ನನಗೆ ಹಿರಿಯರಿಂದ ಕೇಳಿದ ಇದ್ದಿಲು ಬಸ್ಸುಗಳು ನೆನಪಾದವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ, ಮೈಸೂರು ಸೀಮೆಯ ಬಸ್ಸುಗಳು ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಓಡಿದವು. ಇದ್ದಿಲು ಅರೆಬೆಂದಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡೇ ಇಂಜಿನ್ನಿಗೆ ಮುಖ್ಯ ಆಹಾರ. ಅಂದು ಬಸ್ಸನ್ನು ಎಳೆದ ಅನಿಲವೇ ಇಂದು ನಾವು ಹೆದರಬೇಕಾದದ್ದು! ಬಣ್ಣವಿಲ್ಲ, ವಾಸನೆಯಿಲ್ಲ, ನೆತ್ತರಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾಗಿ ಅಂಟಿಕೊಳ್ಳುತ್ತದೆ. ನಿದ್ದೆಯಲ್ಲಿದ್ದವನಿಗೆ ಎಚ್ಚರವೇ ಆಗದು.

ಮೇಸ್ತ್ರಿಯವರು ಹೀಟರನ್ನು ಬಿಚ್ಚಿ ಮಸಿ ಕೆರೆದರು. ಉರಿಗೂಡಿನ ಬಾಯಿಗಳನ್ನು ರಬ್ಬರಿನಿಂದ ಬಿಗಿದು, ಒಂದರೊಳಗೆ ಗಾಳಿ ತುಂಬಿ, ಪಂಕ್ಚರ್ ನೋಡುವ ತೊಟ್ಟಿಯಲ್ಲಿ ಮುಳುಗಿಸಿದರು. ನಾವು ಬಗ್ಗಿ ನೋಡುತ್ತಿದ್ದೆವು. ಮೊದಲು ಏನೂ ಇಲ್ಲ. ಭಾವಮೈದುನನ ಮುಖ ಅರಳಿತು. ಆಮೇಲೆ ಒಂದು ರೆಕ್ಕೆಯ ಬುಡದಿಂದ ಸಾಸಿವೆ ಕಾಳಿನಷ್ಟು ಗುಳ್ಳೆಯೊಂದು ಎದ್ದಿತು. ಅದರ ಹಿಂದೆ ಮತ್ತೊಂದು.

“ಕೂದಲೆಳೆ ಬಿರುಕು, ಸಾರ್,” ಎಂದರು ಮೇಸ್ತ್ರಿ.

“ವೆಲ್ಡ್ ಮಾಡಿದರೆ?”

“ಮಾಡಬಹುದು. ಕಾದು ತಣಿದು, ಕಾದು ತಣಿದು, ಪಕ್ಕದಲ್ಲೇ ಮತ್ತೆ ಬಿಡುತ್ತೆ. ಮಕ್ಕಳು ಮಲಗ್ತಾರೆ ಅಂತೀರಿ. ನನ್ನ ಕೈಯಿಂದ ಇದನ್ನು ಕೂಡಿಸೋದಿಲ್ಲ.”

ಭಾವಮೈದುನ ಸ್ವಲ್ಪ ಹೊತ್ತು ವಾದಿಸಿದ. ಅಪಾಯ ತಿಳಿಸುವ ಯಂತ್ರವನ್ನು ಕೊಳ್ಳುತ್ತೇನೆಂದ, ಕಿಟಕಿಯನ್ನು ಬೆರಳಗಲ ತೆರೆದಿಡುತ್ತೇನೆಂದ. ಮೇಸ್ತ್ರಿಯವರು ಕೈ ಒರೆಸಿಕೊಂಡು, ಹುಡುಗನಿಂದ ಎಲ್ಲರಿಗೂ ಚಹಾ ತರಿಸಿದರು. ಅರ್ಧ ದಿನದ ಕೂಲಿಯನ್ನೂ ತೆಗೆದುಕೊಳ್ಳಲೊಪ್ಪಲಿಲ್ಲ. “ಪಂಪು ಚೆನ್ನಾಗಿದೆ, ಇಟ್ಟುಕೊಂಡಿರಿ,” ಎಂದಷ್ಟೇ ಹೇಳಿದರು.

ವ್ಯಾನು ಜೂನಿನಲ್ಲಿ ಹೊರಟಿತು, ಐದು ಕಂಬಳಿಗಳೊಡನೆ. ದ್ರಾಸ್‌ನಿಂದ ಒಂದು ರಾತ್ರಿ ಭಾವಮೈದುನನ ಫೋನು ಬಂತು. ತಂಗಿದ್ದ ಮನೆಯಲ್ಲಿ ಬುಖಾರಿ ಒಲೆ ಉರಿಯುತ್ತಿತ್ತಂತೆ. ಊಟಕ್ಕೆ ಕೂರುವ ಮೊದಲು ಹೊರಗೆ ಹೋಗಿ, ಹೊಗೆಕೊಳವೆಯ ತುದಿ ಎಲ್ಲಿ ತೆರೆದಿದೆಯೆಂದು ಟಾರ್ಚು ಹಾಕಿ ನೋಡಿ ಬಂದನಂತೆ.