ಮೊಳೆ ಬೇಡ, ಹೊಲಿಗೆ ಇರಲಿ

ಬೆಳಿಗ್ಗೆ ಕುಂದಾಪುರದ ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ತಾಮ್ರದ ತಂತಿ ಕೇಳಿದೆ. ತೂಗಿ ಕೊಟ್ಟು ಸುಮ್ಮನಿದ್ದಿದ್ದರೆ ಈ ಬರಹಕ್ಕೆ ಕಾರಣವೇ ಇರುತ್ತಿರಲಿಲ್ಲ. ಎಂತಕ್ಕೆ ಎಂದು ಕೇಳಿದರು. ದೋಣಿ ಹೊಲಿಯಲಿಕ್ಕೆ ಎಂದೆ. "ಹೊಲೂಕೆ ಅದೆಂತ ಅಂಗಿಯಾ ಮಾರ್ರೆ? ನಾಕ್ ಮೊಳಿ ಹೊಡ್ದ್ರೆ ಆಯ್ತಲ್ದಾ?" ಎಂದರು. ಹಿಂದೆ ಗಿರಾಕಿಗಳು ಕಾಯುತ್ತಿದ್ದರು, ಉತ್ತರ ಬಾಯಲ್ಲೇ ಉಳಿಯಿತು. ಮನೆಗೆ ಬಂದರೂ ಕಿರಿಕಿರಿ ಇಳಿಯಲಿಲ್ಲ. ಉತ್ತರವನ್ನು ಇಲ್ಲಿ ಬರೆದುಬಿಡುತ್ತೇನೆ.

ನಮ್ಮ ಅಂಗಳದಲ್ಲಿ ಏಳುತ್ತಿರುವುದು ಇಬ್ಬರು ಕೂತು ಹುಟ್ಟು ಹಾಕುವ ಸಣ್ಣ ದೋಣಿ. ಕಟ್ಟುತ್ತಿರುವವರು ನಾನು ಮತ್ತು ನನ್ನ ಅಣ್ಣನ ಮಗ. ಇಬ್ಬರಿಗೂ ಇದು ಮೊದಲ ದೋಣಿ. ಇಡೀ ದಿಮ್ಮಿಯನ್ನು ಬಾಚಿಯಿಂದ ಕೊರೆದು ಪಾತಿದೋಣಿ ತೆಗೆಯುವುದು ತಲೆಮಾರುಗಳ ವಿದ್ಯೆ. ಅದಕ್ಕೆ ಒದಗುವಷ್ಟು ದಪ್ಪದ ಮಾವನ್ನು ಕಡಿಯಲು ಮನಸ್ಸೂ ಒಪ್ಪದು. ಹಾಗಾಗಿ ಐಎಸ್ 710 ಮುದ್ರೆಯ ಮರೈನ್ ಪ್ಲೈವುಡ್ ತಂದೆವು. ಈ ಪ್ಲೈಯ ಅಂಟನ್ನು 72 ಗಂಟೆ ಕುದಿಯುವ ನೀರಿನಲ್ಲಿಟ್ಟು ಪರೀಕ್ಷಿಸುತ್ತಾರೆ. ನಮ್ಮ ಹೊಳೆಗೆ ಅದು ಧಾರಾಳವಾಯಿತು. ನಕ್ಷೆ, ಅಳತೆ, ಗರಗಸದ ಮಾತು ಬೆಳೆಸುವುದಿಲ್ಲ. ತಾಳ್ಮೆ ಇದ್ದವರಿಗೆಲ್ಲ ಅದು ಬರುತ್ತದೆ.

ಹೇಳಬೇಕಾದದ್ದು ಹೊಲಿಗೆಯ ವಿಷಯ. ಹಲಗೆಗಳ ಅಂಚಿನಲ್ಲಿ ಅರ್ಧ ಗೇಣಿಗೊಂದು ತೂತು ಕೊರೆದು, ಅಕ್ಕಪಕ್ಕದ ತೂತುಗಳಲ್ಲಿ ತಂತಿ ದಾಟಿಸಿ, ಇಕ್ಕಳದಿಂದ ತಿರುಚುತ್ತ ಹೋಗಬೇಕು. ನಕ್ಷೆಯಂತೆ ಅಂಚುಗಳನ್ನು ಬಾಗಿಸಿಯೇ ಕತ್ತರಿಸಿರುತ್ತೇವೆ. ಬಾಗಿದ ಎರಡು ಅಂಚು ಒಂದಕ್ಕೊಂದು ಕೂಡುವಾಗ ಹಲಗೆಗೆ ಚಪ್ಪಟೆಯಾಗಿ ಉಳಿಯಲು ದಾರಿಯೇ ಇಲ್ಲ. ಅದು ತಾನಾಗಿ ಹೊಟ್ಟೆ ತುಂಬಿಕೊಳ್ಳುತ್ತದೆ, ಮೂತಿ ಎತ್ತುತ್ತದೆ. ಸಂಜೆಯೊಳಗೆ ನೆಲದ ಮೇಲೆ ಮಲಗಿದ್ದ ಪ್ಲೈ ದೋಣಿಯಾಗಿ ನಿಂತಿರುತ್ತದೆ. ಆಮೇಲೆ ಎಪಾಕ್ಸಿಗೆ ನುಣುಪಾದ ಮರದ ಹುಡಿ ಕಲಸಿ ಸಂದಿಗೆ ತುಂಬಿ, ಮೇಲೆ ಗ್ಲಾಸ್‌ಫೈಬರ್ ಪಟ್ಟಿ ಹಾಸಬೇಕು. ಕರಾವಳಿಯ ಸೆಖೆಯಲ್ಲಿ ಒಂದು ಎಚ್ಚರ ಬೇಕು: ಕಲಸಿದ ಎಪಾಕ್ಸಿ ಲೋಟದಲ್ಲೇ ಉಳಿದರೆ ತನ್ನ ಕಾವಿಗೆ ತಾನೇ ಬಿಸಿಯೇರಿ ಗಟ್ಟಿಯಾಗುತ್ತದೆ. ಅಗಲವಾದ ತಟ್ಟೆಯಲ್ಲಿ ಹರಡಿಕೊಂಡು ಬೆಳಗಿನ ತಂಪಿನಲ್ಲೇ ಕೆಲಸ ಮುಗಿಸಬೇಕು.

ಇನ್ನು ಮೊಳೆ. 4 ಮಿಲಿಮೀಟರ್ ಪ್ಲೈಯ ಅಂಚಿಗೆ ಮೊಳೆ ಹೊಡೆದರೆ ಪದರ ಸೀಳುತ್ತದೆ. ಉಪ್ಪುನೀರಿನಲ್ಲಿ ಕಬ್ಬಿಣ ತುಕ್ಕು ಹಿಡಿಯುವಾಗ ಸುತ್ತಲಿನ ಮರವನ್ನೂ ಕೆಡಿಸುತ್ತದೆ.

1963ರಲ್ಲಿ ಲಂಡನ್ನಿನ ಡೈಲಿ ಮಿರರ್ ಪತ್ರಿಕೆಯ ಆಸರೆಯಲ್ಲಿ ಇದೇ ತಾಮ್ರದ ಹೊಲಿಗೆಯ ಪುಟ್ಟ ಹಾಯಿದೋಣಿ ಬಂತು. ಜಾಕ್ ಹೋಲ್ಟ್ ಮತ್ತು ಟಿವಿಯಲ್ಲಿ ಮನೆ ರಿಪೇರಿ ಕಲಿಸುತ್ತಿದ್ದ ಬ್ಯಾರಿ ಬಕ್ನೆಲ್ ಅದನ್ನು ರೂಪಿಸಿದ್ದು, ಸಾಮಾನ್ಯ ಜನ ಮನೆಯಲ್ಲೇ ಕಟ್ಟಿಕೊಳ್ಳಲಿ ಎಂದು. ಅಂಥ 70,000ಕ್ಕೂ ಹೆಚ್ಚು ದೋಣಿಗಳಾದವು. ಇದನ್ನು ಹೊಸ ವಿಧಾನ ಎನ್ನುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಅರಬ್ಬೀ ಸಮುದ್ರದ ಎರಡು ದಡದಲ್ಲೂ ಶತಮಾನಗಳ ಕಾಲ ತೆಂಗಿನ ನಾರಿನ ಹುರಿಯಿಂದಲೇ ಹಡಗು ಹೊಲಿದಿದ್ದಾರೆ. ಮಾರ್ಕೊ ಪೋಲೊ ಹೋರ್ಮುಜ್‌ನಲ್ಲಿ ಅಂಥವನ್ನು ಕಂಡು, ಕೆಟ್ಟ ಹಡಗುಗಳು, ಎಷ್ಟೋ ಮುಳುಗುತ್ತವೆ ಎಂದು ದೂರಿದ. ಅವನು ಮದ್ರಾಸಿನ ಅಲೆ ನೋಡಬೇಕಿತ್ತು. ಬಂದರು ಕಟ್ಟುವ ಮೊದಲು ಅಲ್ಲಿ ಹಡಗಿನಿಂದ ಜನರನ್ನೂ ಸರಕನ್ನೂ ದಡಕ್ಕೆ ತರುತ್ತಿದ್ದುದು ಮೊಳೆಯಿಲ್ಲದ ಮಸೂಲಾ ದೋಣಿಗಳು. ಯುರೋಪಿನ ಬಿಗಿ ದೋಣಿ ಒಡೆಯುವಂಥ ಅಲೆಯಲ್ಲಿ ಹೊಲಿದದ್ದು ಬಳುಕಿ ಉಳಿಯುತ್ತಿತ್ತು. ಅಷ್ಟು ದೂರವೇಕೆ, ಅಜಂತಾದ ಚಿತ್ರ ನೋಡಿ, ನಾರಿನ ಹಗ್ಗದಲ್ಲಿ ಹೊಲಿದು ಕಟ್ಟಿದ ಕೌಂಡಿನ್ಯ ಹಡಗನ್ನು ನೌಕಾಪಡೆ ಸೇರಿಸಿಕೊಂಡದ್ದು ನಮ್ಮ ಕಾರವಾರದಲ್ಲೇ, 2025ರ ಮೇ ತಿಂಗಳಲ್ಲಿ. ಅದೇ ಡಿಸೆಂಬರಿನಲ್ಲಿ ಅದು ಪೋರಬಂದರಿನಿಂದ ಮಸ್ಕತ್ತಿಗೆ ಹಾಯಿ ಬಿಚ್ಚಿತು. ಅಂಗಡಿಯವರಿಗೆ ಇದನ್ನೆಲ್ಲ ಹೇಳಬೇಕು.

ಮೊದಲ ದೋಣಿ ಕಟ್ಟುವವರ ಹಿರಿಯಣ್ಣ ಎಂದರೆ ರಾಬಿನ್ಸನ್ ಕ್ರೂಸೋ. 1719ರ ಆ ಕಾದಂಬರಿಯಲ್ಲಿ ಅವನು ದೊಡ್ಡ ದೇವದಾರು ಕಡಿದು, ತಿಂಗಳುಗಟ್ಟಲೆ ಕೆತ್ತಿ, 26 ಜನ ಕೂರುವಷ್ಟು ದೊಡ್ಡ ದೋಣಿ ಮಾಡಿದ. ನೀರು ನೂರು ಗಜದಲ್ಲೇ ಇತ್ತು. ದೋಣಿ ಅಲುಗಲಿಲ್ಲ. ಕಾಲುವೆ ತೋಡೋಣವೆಂದು ಲೆಕ್ಕ ಹಾಕಿದರೆ ಹತ್ತು ಹನ್ನೆರಡು ವರ್ಷದ ಕೆಲಸ! ಚಿಕ್ಕಂದಿನಲ್ಲಿ ಓದುವಾಗ ಕಾಡುಮನುಷ್ಯರ ಹೆಜ್ಜೆಗಿಂತ ಹೆಚ್ಚು ಈ ಪ್ರಸಂಗವೇ ನನ್ನನ್ನು ಸಂಕಟಕ್ಕೆ ತಳ್ಳಿತ್ತು. ದಡದಲ್ಲೇ ಕೊಳೆತ ದೋಣಿಯಷ್ಟು ದುಃಖದ ವಸ್ತು ಕಡಿಮೆ. ಅದಕ್ಕೇ ನಮ್ಮದು 30 ಕಿಲೋ ದಾಟಕೂಡದೆಂದು ಮೊದಲ ದಿನವೇ ತೀರ್ಮಾನಿಸಿದೆವು. ಇಬ್ಬರು ತಲೆಯ ಮೇಲೆ ಹೊತ್ತು ನಡೆಯುವಂತಿರಬೇಕು.

ಹೊತ್ತು ಎಲ್ಲಿಗೆ ನಡೆಯುವುದು? ಹೊಳೆ ಮನೆಯಿಂದ ಕಾಣುತ್ತದೆ, ಇಳಿಯಲು ಜಾಗವಿಲ್ಲ. ಮೊದಲು ಊರೂರಿಗೆ ಕಡವು ಇತ್ತು, ದೋಣಿ ಕಾಯುತ್ತ ಜನ ನಿಲ್ಲುತ್ತಿದ್ದರು. ಸೇತುವೆಗಳು ಬಂದವು, ಒಳ್ಳೆಯದೇ ಆಯಿತು. ಕಡವಿನ ದಾರಿಗೆ ಪೊದೆ ಬೆಳೆಯಿತು. ದಂಡೆ ಕೊರೆಯದಿರಲೆಂದು ಕಲ್ಲಿನ ತಡೆಗೋಡೆ ಎದ್ದಿತು, ಅದೂ ಬೇಕಾದದ್ದೇ. ಆದರೆ ಆಳೆತ್ತರದ ನೇರ ಗೋಡೆಯ ಮೇಲಿಂದ ದೋಣಿ ಇಳಿಸುವುದು ಹೇಗೆ? ಹೊಸದಾಗಿ ಹುಟ್ಟು ಹಿಡಿದವರು ಭರತ ತುಂಬಿ ನೀರು ನಿಂತ ಹೊತ್ತಿನಲ್ಲಿ, ಲೈಫ್ ಜಾಕೆಟ್ ತೊಟ್ಟು, ಮೊಣಕಾಲೂರಿ ಕೂತು, ಮೊಣಕಾಲುದ್ದದ ನೀರಿನಲ್ಲೇ ಮೊದಲು ಪಳಗಬೇಕು. ಅಂಥ ನೀರು ಸಿಗುವುದು ಇಳಿಜಾರು ದಂಡೆಯಲ್ಲಿ ಮಾತ್ರ.

ಗ್ರಾಮ ಪಂಚಾಯಿತಿಯವರಲ್ಲಿ, ತಡೆಗೋಡೆಯ ನಕ್ಷೆ ಬರೆಯುವ ಎಂಜಿನಿಯರುಗಳಲ್ಲಿ ನನ್ನದೊಂದು ಕೋರಿಕೆ. ಗೋಡೆ ಕಟ್ಟಿ, ಗಟ್ಟಿಯಾಗಿಯೇ ಕಟ್ಟಿ. ಹಳೆಯ ಕಡವು ಇದ್ದ ಜಾಗದಲ್ಲಿ ಮಾತ್ರ ಎರಡಾಳು ಅಗಲದ ಇಳಿಜಾರೊಂದನ್ನು ಬಿಟ್ಟುಕೊಡಿ.