ಸೈಸ್ ಅಂದ್ರೆ ಇಂಗ್ಲಿಷಿನವನು

ಜೋನ್ಸ್, ಜೋನ್ಸ್, ಡೇವಿಸ್, ವಿಲಿಯಮ್ಸ್, ಜೋನ್ಸ್, ಇವಾನ್ಸ್, ಜೋನ್ಸ್...

ಎರಡು ವಾರದಿಂದ ಇದೇ ನನ್ನ ಜಪ. ಬ್ರಿಟನ್ನಿನ ಕ್ಲೈಂಟ್ ಒಬ್ಬರಿಗೆ ಹೆಸರು ಹೊಂದಿಸುವ ಮಾಡ್ಯೂಲ್ ಬರೀತಾ ಇದೀವಿ. ಒಬ್ಬನೇ ಮನುಷ್ಯ ಎರಡು ಸಲ ದಾಖಲಾಗಿದ್ರೆ ಪ್ರೋಗ್ರಾಂ ಹಿಡಿದು ತೋರಿಸಬೇಕು. ಮಿಕ್ಕ ಕಡೆಯದೆಲ್ಲ ಹೇಗೋ ನಡೆಯುತ್ತೆ, ಟೆಸ್ಟ್ ಡೇಟಾದಲ್ಲಿ ವೇಲ್ಸ್ ಭಾಗ ಬಂತು ಅಂದ್ರೆ ಮುಗೀತು. ಎಲ್ಲಾ ಜೋನ್ಸ್‌ಗಳೂ ಒಬ್ಬರಿಗೊಬ್ಬರು ಹೊಂದಿಕೊಂಡು ಕೂತುಬಿಡ್ತಾರೆ :)

ಆ ಜೋನ್ಸ್ ಸಮುದ್ರದ ಮಧ್ಯೆ ಒಂದೇ ಒಂದು ಸಾಲಿನಲ್ಲಿ 'ಸೇಸ್' ಅಂತ ಒಂದು ಹೆಸರು ಸಿಕ್ತು. ಇದ್ಯಾವುದಪ್ಪಾ ಅಂತ ಹುಡುಕೋಕೆ ಕೂತವನು ಮನೆಗೆ ಹೊರಟಾಗ ರಾತ್ರಿ ಒಂಬತ್ತೂವರೆ. ಸಿಕ್ಕಿದ್ದನ್ನ ನಿಮಗೂ ಹೇಳದೆ ಇರೋಕೆ ಆಗ್ತಿಲ್ಲ.

ಮೊದಲು ಈ ಜೋನ್ಸ್ ಕಥೆ ಹೇಳಿಬಿಡ್ತೀನಿ, ಅದಿಲ್ಲದೆ ಸೇಸ್ ಅರ್ಥ ಆಗಲ್ಲ. ಹಿಂದೆ ವೇಲ್ಸಿನ ಜನಕ್ಕೆ ನಮ್ಮ ಹಾಗೇ ಸರ್‌ನೇಮ್ ಅನ್ನೋದು ಇರಲಿಲ್ಲ. ಸ್ವಂತ ಹೆಸರು, ಆಮೇಲೆ 'ಅಪ್', ಆಮೇಲೆ ಅಪ್ಪನ ಹೆಸರು. ಈ 'ಅಪ್' ಕೇಳಿ ನಮ್ಮ ಅಪ್ಪ ನೆನಪಾದ್ರೆ ತಪ್ಪೇನಿಲ್ಲ, ಆದರೆ ಅರ್ಥ ಉಲ್ಟಾ. ಅಪ್ ಅಂದ್ರೆ ಮಗ! ರೀಸ್ ಅಪ್ ಗ್ರಿಫಿತ್ ಅಂದ್ರೆ ಗ್ರಿಫಿತ್‌ನ ಮಗ ರೀಸ್. ಆಸ್ತಿ ಹಂಚಿಕೆ, ಕೊಲೆಯ ಪರಿಹಾರ ಎಲ್ಲಾ ವಂಶದ ಲೆಕ್ಕದ ಮೇಲೇ ನಡೀತಿದ್ದರಿಂದ, ಹೀಗೆ 'ಅಪ್' ಹಾಕ್ತಾ ಹಾಕ್ತಾ ಐದಾರು ತಲೆಮಾರು ಹಿಂದಕ್ಕೆ ಹೋಗೋದೂ ಇತ್ತು.

ಎಂಟನೇ ಹೆನ್ರಿ 1536 ಮತ್ತು 1543ರ ಕಾಯ್ದೆಗಳಲ್ಲಿ ವೇಲ್ಸನ್ನ ಇಂಗ್ಲೆಂಡಿನ ಆಡಳಿತದೊಳಗೆ ಪೂರ್ತಿ ಸೇರಿಸಿದ. (ತಮಾಷೆ ನೋಡಿ, ಅವನ ಟ್ಯೂಡರ್ ವಂಶವೇ ವೇಲ್ಸ್ ಮೂಲದ್ದು.) ಕೋರ್ಟು ಕಚೇರಿಯ ಭಾಷೆ ಇಂಗ್ಲಿಷ್ ಆಯ್ತು. ಇಂಗ್ಲಿಷ್ ಬಾರದವನಿಗೆ ಸರ್ಕಾರಿ ಹುದ್ದೆ ಇಲ್ಲ. ಇಂಗ್ಲಿಷ್ ಗುಮಾಸ್ತನಿಗೆ ಇಷ್ಟುದ್ದದ ಹೆಸರು ಬರೆಯೋ ತಾಳ್ಮೆ ಎಲ್ಲಿ ಬರಬೇಕು? ನಿಧಾನವಾಗಿ ಅಪ್ಪನ ಹೆಸರೇ ಮನೆತನದ ಹೆಸರಾಗಿ ಗಟ್ಟಿಯಾಯ್ತು. ಅಪ್ ಹವೆಲ್ ಹೋಗಿ ಪವೆಲ್, ಅಪ್ ರೀಸ್ ಹೋಗಿ ಪ್ರೈಸ್, ಅಬ್ ಇವಾನ್ ಹೋಗಿ ಬೆವನ್. ಇನ್ನು ಕೆಲವರದ್ದು ಇಂಗ್ಲಿಷಿನ ಥರ ಕೊನೆಗೊಂದು 'ಸ್' ಸೇರಿ ಇವಾನ್ಸ್, ವಿಲಿಯಮ್ಸ್. ಜಾನ್‌ನ ಮಗ ಜೋನ್ಸ್. ಮಜಾ ಅಂದ್ರೆ ಹಳೇ ವೆಲ್ಶ್ ಅಕ್ಷರಮಾಲೆಯಲ್ಲಿ 'ಜೆ' ಅಕ್ಷರವೇ ಇರಲಿಲ್ಲ.

ಅಪ್ಪಂದಿರ ಹೆಸರುಗಳು ಇದ್ದದ್ದೇ ಕೆಲವು, ಹಾಗಾಗಿ ಇಡೀ ದೇಶಕ್ಕೆ ಬೆರಳೆಣಿಕೆಯ ಸರ್‌ನೇಮ್‌ಗಳು ಹಂಚಿಹೋದವು. 2006ರಲ್ಲಿ ಕಾರ್ಡಿಫ್‌ನಲ್ಲಿ ವಿಶ್ವದಾಖಲೆಗೆ ಅಂತ 1,224 ಜೋನ್ಸ್‌ಗಳು ಒಂದೇ ಕಟ್ಟಡದಲ್ಲಿ ಸೇರಿದ್ದರು. ಆ ಹಾಜರಿ ಪುಸ್ತಕ ಬರೆದವನ ಕೈ ಏನಾಗಿರಬೇಡ!

ಪಾಸ್‌ಪೋರ್ಟ್ ಮಾಡಿಸುವಾಗ ನನಗೂ ಹೀಗೇ ಆಯ್ತು. ಫಾರ್ಮಿನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಡೋಕೆ ಮನಸ್ಸಾಗದೆ ಇನಿಷಿಯಲ್ ಬಿಡಿಸಿ ಅಪ್ಪನ ಹೆಸರು ತುಂಬಿದೆ. ಈಗ ಆನ್‌ಸೈಟ್ ಹೋದಾಗಲೆಲ್ಲ ಎಲ್ಲರೂ ನಮ್ಮಪ್ಪನ್ನೇ ಕರೀತಾರೆ. 'ಅಪ್' ಪದ್ಧತಿ ಅಂದ್ರೆ ಏನು ಅಂತ ಕನ್ನಡದವರಿಗೆ ಬಿಡಿಸಿ ಹೇಳಬೇಕಾಗಿಲ್ಲ ಬಿಡಿ.

ಅಪ್ಪನ ಹೆಸರಿನ ಜೊತೆಗೆ ಅವರಲ್ಲಿ ಅಡ್ಡಹೆಸರೂ ಇತ್ತು. ಒಂದೇ ಊರಲ್ಲಿ ನಾಲ್ಕು ಜನ ಇವಾನ್ ಇದ್ರೆ ಗುರುತು ಹಿಡಿಯಬೇಕಲ್ಲ. ಕೆಂಚು ಕೂದಲಿನವನು 'ಕೋಚ್', ಅಂದ್ರೆ ಕೆಂಪು. ಅದೇ ಮುಂದೆ ಗಾಫ್ ಆಯ್ತು. ಬೆಳ್ಳಗಿದ್ದವನು ಗ್ವಿನ್, ಬೂದು ಕೂದಲಿನವನು ಲಾಯ್ಡ್, ಚಿಕ್ಕವನು ವಾನ್. ನಮ್ಮ ಕೆಂಚಪ್ಪ, ಬಿಳಿಯಪ್ಪ, ಚಿಕ್ಕಣ್ಣ ಎಲ್ಲಾ ಅಲ್ಲೂ ಇದಾರೆ, ಕೋಟು ಹಾಕ್ಕೊಂಡು!

ನಮ್ಮ ಸೇಸ್ ಈ ಜಾತಿಯ ಹೆಸರು. ಮೂಲ ವೆಲ್ಶ್ ಪದ 'ಸೈಸ್'. ಅದರ ಅರ್ಥ ಇಂಗ್ಲಿಷಿನವನು. ಸ್ಯಾಕ್ಸನ್ ಅನ್ನೋ ಜನರ ಹೆಸರು ಲ್ಯಾಟಿನ್ ಮೂಲಕ ವೆಲ್ಶ್‌ಗೆ ಬಂದು ಸವೆದು ಸೈಸ್ ಆಗಿದೆ. ಇಂಗ್ಲಿಷ್ ಭಾಷೆಗೆ ಅವರು ಇವತ್ತಿಗೂ 'ಸೈಸ್ನೆಗ್' ಅಂತಲೇ ಅನ್ನೋದು.

ಆದರೆ ಈ ಹೆಸರು ಅಂಟಿದ್ದು ಇಂಗ್ಲಿಷರಿಗಲ್ಲ, ಹೆಚ್ಚಾಗಿ ವೆಲ್ಶರಿಗೇ. ಇಂಗ್ಲೆಂಡಿನಲ್ಲಿ ಸ್ವಲ್ಪ ದಿನ ಇದ್ದು ಬಂದವನು, ಇಂಗ್ಲಿಷ್ ಕಲಿತವನು, ಅವರ ಹಾಗೆ ನಡ್ಕೊಳ್ಳೋನು, ಅಂಥವನನ್ನ ಅವನ ಊರಿನವರೇ ಸೈಸ್ ಅಂತ ಕರೀತಿದ್ದರು. ಹನ್ನೆರಡನೇ ಶತಮಾನದ ರೀಸ್ ಅಪ್ ಗ್ರಿಫಿತ್ ದಕ್ಷಿಣ ವೇಲ್ಸಿನ ದೊಡ್ಡ ಅರಸು. 1176ರ ಕ್ರಿಸ್‌ಮಸ್‌ಗೆ ಕಾರ್ಡಿಗನ್ ಕೋಟೆಯಲ್ಲಿ ಕವಿಗಳಿಗೂ ಸಂಗೀತಗಾರರಿಗೂ ಸ್ಪರ್ಧೆ ಏರ್ಪಡಿಸಿದ್ದ. ವೇಲ್ಸಿನವರು ಇಂದಿಗೂ ನಡೆಸುವ ಐಸ್ತೆದ್‌ವೊದ್ ಅನ್ನೋ ಸಾಹಿತ್ಯ ಹಬ್ಬಕ್ಕೆ ಅದನ್ನೇ ಮೊದಲು ಅಂತ ಎಣಿಸ್ತಾರೆ. ಅಂಥವನ ಮಗ ಹವೆಲ್‌ನನ್ನ ಇಂಗ್ಲೆಂಡಿನ ಎರಡನೇ ಹೆನ್ರಿ ಒತ್ತೆಯಾಳಾಗಿ ಇಟ್ಟುಕೊಂಡಿದ್ದು, 1171ರಲ್ಲಿ ವಾಪಸ್ ಕಳಿಸಿದ. ಊರಿಗೆ ಬಂದವನಿಗೆ ಕಾದಿದ್ದ ಹೆಸರು, ಹವೆಲ್ ಸೈಸ್! ಪಾಪ, ಅವನೇನು ಇಷ್ಟಪಟ್ಟು ಹೋದವನಲ್ಲ.

ಈಚಿನವರಲ್ಲಿ ಆರ್ಚಿಬಾಲ್ಡ್ ಸೇಸ್ (1845–1933) ಇದ್ದಾರೆ. ಆಕ್ಸ್‌ಫರ್ಡ್‌ನಲ್ಲಿ ಅಸಿರಿಯಾದ ಭಾಷೆ, ಚರಿತ್ರೆಗೆ ಪ್ರೊಫೆಸರ್ ಆಗಿದ್ದವರು, ಮಣ್ಣಿನ ಹಲಗೆಯ ಬರಹಗಳನ್ನ ಓದುತ್ತಾ ಆಯಸ್ಸು ಕಳೆದವರು. ಹೊರಗಿನ ಭಾಷೆ ಕಲಿತವನಿಗೆ ಬಂದ ಹೆಸರು ಎಷ್ಟು ಸರಿಯಾದ ಮನುಷ್ಯನನ್ನ ಹುಡುಕ್ಕೊಂಡು ಹೋಯ್ತು ನೋಡಿ.

ಇದಕ್ಕೊಂದು ಇನ್ನೊಂದು ಮುಖ ಇದೆ. 'ವೆಲ್ಶ್' ಅನ್ನೋದು ವೆಲ್ಶರ ಪದವೇ ಅಲ್ಲ! ಹಳೇ ಇಂಗ್ಲಿಷಿನಲ್ಲಿ ಅದಕ್ಕೆ ಪರಕೀಯ ಅಂತ ಅರ್ಥ. ಅಕ್ರೋಟಕ್ಕೆ ವಾಲ್‌ನಟ್ ಅಂತಾರಲ್ಲ, ಆ 'ವಾಲ್' ಕೂಡ ಅದೇ, ಹೊರಗಿನ ಕಾಯಿ. ಸಾವಿರಾರು ವರ್ಷದಿಂದ ಅಲ್ಲೇ ಇದ್ದವರಿಗೆ ಆಮೇಲೆ ಬಂದವರು ಇಟ್ಟ ಹೆಸರು 'ಹೊರಗಿನವರು'. ಅವರು ತಮ್ಮನ್ನ ಕರ್ಕೊಳ್ಳೋದು 'ಕಮ್ರಿ' ಅಂತ. ಅದರ ಮೂಲಾರ್ಥ ಒಂದೇ ನಾಡಿನವರು, ಜೊತೆಯವರು. ವಾಲ್ಶ್, ವಾಲೆಸ್ ಅನ್ನೋ ಸರ್‌ನೇಮ್‌ಗಳೂ ಇದೇ 'ವೆಲ್ಶ್' ಬೇರಿನವು. ಬೇಲಿಯ ಆ ಕಡೆಯವರು ಇಟ್ಟ ಹೆಸರುಗಳು.

ಇಷ್ಟೆಲ್ಲಾ ಓದಿದ ಮೇಲೆ ನೆನಪಾದದ್ದು ನಮ್ಮ ದೊಡ್ಡಪ್ಪ. ಇಂಜಿನಿಯರಿಂಗ್ ಸೇರಿದ ದಿನದಿಂದ ಅವರು ನನ್ನ ಹೆಸರು ಹಿಡಿದು ಕರೆದೇ ಇಲ್ಲ. "ಏನಪ್ಪಾ ಇಂಗ್ಲೀಷು, ಯಾವಾಗ್ ಬಂದೆ?" ಅಂತಲೇ ಮಾತು ಶುರು. ನಮ್ಮೂರಲ್ಲಿ ಬೊಂಬಾಯಿ ಮನೆ ಅಂತಲೂ ಒಂದಿದೆ. ಯಾರೋ ಮುತ್ತಾತ ಬೊಂಬಾಯಿಗೆ ಹೋಗಿ ಬಂದಿದ್ದರಂತೆ. ಈಗಿನ ಮಕ್ಕಳು ಆ ಊರನ್ನ ಸಿನಿಮಾದಲ್ಲಿ ಮಾತ್ರ ನೋಡಿರೋದು. ಹೆಸರು ಮಾತ್ರ ಬಿಟ್ಟಿಲ್ಲ. ನನ್ನ ಮಕ್ಕಳು ಇಂಗ್ಲೀಷು ಮನೆಯವರು ಆದ್ರೂ ಆದ್ರೇ.

ಮೊದಲೆಲ್ಲ ಹಾಗೆ ಕರೆದಾಗ ಸ್ವಲ್ಪ ಮುಜುಗರ ಆಗ್ತಿತ್ತು. ಈಗ ಬೇರೆ ಥರ ಕಾಣ್ತಿದೆ. ಯೋಚನೆ ಮಾಡಿ, ಒಬ್ಬನನ್ನ ಸೈಸ್ ಅಂತ ಕರೀಬೇಕಾದ್ರೆ ಸುತ್ತ ಇರೋರೆಲ್ಲ ವೆಲ್ಶ್ ಮಾತಾಡ್ತಿರಬೇಕು. ಆ ಪದ ಅವರ ಭಾಷೆಯದ್ದು, ನಗು ಅವರದ್ದು. ಅಂದ್ರೆ ಸೇಸ್ ಅನ್ನೋ ಒಂದೊಂದು ಮನೆತನದ ಹೆಸರಿನ ಹಿಂದೆಯೂ ವೆಲ್ಶ್ ಮಾತಾಡುವ ಒಂದಿಡೀ ಊರು ನಿಂತಿದೆ. ಎಲ್ಲರೂ ಸೈಸ್ ಆದ ಊರಲ್ಲಿ ಯಾರೂ ಯಾರನ್ನೂ ಸೈಸ್ ಅಂತ ಕರೆಯಲ್ಲ.

ವೇಲ್ಸಿನ ಎಷ್ಟೋ ಕಡೆ ಆದದ್ದು ಅದೇ. 1901ರಲ್ಲಿ ಹತ್ತಿರ ಹತ್ತಿರ ಅರ್ಧ ಜನಕ್ಕೆ ವೆಲ್ಶ್ ಬರ್ತಿತ್ತು. 2021ರ ಜನಗಣತಿಯಲ್ಲಿ ಶೇಕಡಾ 17.8. ಹತ್ತೊಂಬತ್ತನೇ ಶತಮಾನದಲ್ಲಿ ಅಲ್ಲಿನ ಕೆಲವು ಶಾಲೆಗಳಲ್ಲಿ ವೆಲ್ಶ್ ಮಾತಾಡಿದ ಮಗುವಿನ ಕೊರಳಿಗೆ ಮರದ ತುಂಡೊಂದನ್ನ ನೇತು ಹಾಕೋರು, 'ವೆಲ್ಶ್ ನಾಟ್' ಅಂತ ಅದರ ಹೆಸರು. ಇನ್ನೊಂದು ಮಗು ವೆಲ್ಶ್ ಮಾತಾಡಿ ಸಿಕ್ಕಿಬಿದ್ರೆ ಅದರ ಕೊರಳಿಗೆ ದಾಟಿಸೋದು, ಸಂಜೆ ಯಾರ ಹತ್ರ ಉಳೀತೋ ಅವರಿಗೆ ಏಟು. ಇದು ಲಂಡನ್ನಿನಿಂದ ಬಂದ ಸರ್ಕಾರಿ ಕಾನೂನೇನಲ್ಲ. ಅಲ್ಲಲ್ಲಿನ ಶಾಲೆಗಳೇ ಮಾಡಿದ್ದು, ಎಷ್ಟೋ ಸಲ ಅಪ್ಪ ಅಮ್ಮಂದಿರ ಒಪ್ಪಿಗೆಯಿಂದಲೇ. ಮಕ್ಕಳು ಮುಂದೆ ಬರಲಿ ಅಂತ.

ಓದ್ತಾ ಓದ್ತಾ ಹೊಟ್ಟೆಯಲ್ಲಿ ಏನೋ ಆಯ್ತು. ನಾನು ಓದಿದ ಶಾಲೆಯಲ್ಲಿ ಕನ್ನಡ ಮಾತಾಡಿದ್ರೆ ಒಂದು ರೂಪಾಯಿ ದಂಡ ಇತ್ತು. ದಂಡ ಬರ್ಕೊಳ್ಳೋಕೆ ನಮ್ಮಲ್ಲೇ ಒಬ್ಬ ಲೀಡರ್. ನಮ್ಮಮ್ಮ ಬೈದುಕೊಂಡೇ ಚಿಲ್ಲರೆ ಕೊಡೋಳು, "ಕಲೀಲಿ ಬಿಡು" ಅಂತ. ಅಮ್ಮನ್ನ ದೂರೋಕೆ ಮನಸ್ಸು ಬರಲ್ಲ, ಆ ಕಲಿತದ್ದರಿಂದಲೇ ಇವತ್ತು ಸಂಬಳ ಎಣಿಸ್ತಾ ಇದೀನಿ. ವೇಲ್ಸಿನ ಆ ಅಮ್ಮಂದಿರೂ ಇಷ್ಟೇ ಅಂದುಕೊಂಡಿರಬೇಕು. ಒಬ್ಬೊಬ್ಬರ ಲೆಕ್ಕವೂ ಸರಿಯಾಗೇ ಇತ್ತು. ಎಲ್ಲಾ ಕೂಡಿಸಿದಾಗ 17.8.

ಅವರೇನು ಕೈ ಚೆಲ್ಲಿ ಕೂತಿಲ್ಲ ಮತ್ತೆ. 1982ರಲ್ಲಿ ಹೋರಾಡಿ ವೆಲ್ಶ್ ಟಿವಿ ಚಾನೆಲ್ ತಂದರು, 2011ರಲ್ಲಿ ಅಧಿಕೃತ ಭಾಷೆಯ ಸ್ಥಾನ ಪಡೆದರು. ಎಷ್ಟೋ ಜನ ತಾತ ಬಿಟ್ಟ ಭಾಷೆಯನ್ನ ದೊಡ್ಡವರಾದ ಮೇಲೆ ಕ್ಲಾಸಿಗೆ ಹೋಗಿ ಕಲೀತಿದ್ದಾರೆ. ಅವರಲ್ಲಿ ಒಬ್ಬ ಸೇಸ್ ಇದ್ದು, ತನ್ನ ಹೆಸರಿನ ಅರ್ಥ ಕೇಳಿ ಕ್ಲಾಸಿಗೆ ಕ್ಲಾಸೇ ನಕ್ಕಿದ್ರೆ ಎಷ್ಟು ಚೆನ್ನಾಗಿರುತ್ತೆ ಅಲ್ವಾ?

ದೊಡ್ಡಪ್ಪನಿಗೆ ಈಗ ಎಪ್ಪತ್ತಾರು. ಅವರು "ಏನಪ್ಪಾ ಇಂಗ್ಲೀಷು" ಅಂತ ಎಷ್ಟು ವರ್ಷ ಕರೀತಾರೋ ಕರೀಲಿ. ಹಾಗೆ ಕರೆಯೋಕೆ ಊರಲ್ಲಿ ಜನ ಇರೋವರೆಗೂ ಚಿಂತೆ ಇಲ್ಲ.

ನಿಮ್ಮೂರಲ್ಲಿ ನಿಮಗೆ, ನಿಮ್ಮ ಮನೆಗೆ ಅಂಟಿರೋ ಹೆಸರು ಏನು? ನಾಚ್ಕೋಬೇಡಿ, ಬರೀರಿ :)